ಬೀಡಿನ ಟ್ಯಾಕ್ಸಿ, ಬೆಳಗಾವಿಯ ಕಣ್ಣು

ನಾನು ಕೊಂಡ ಮೊದಲ ಬೀಡುಕಬ್ಬಿಣದ ಆಟಿಕೆ ಕಾರು ಡೂಪ್ಲಿಕೇಟ್. ಪೆನ್ಸಿಲ್ವೇನಿಯಾಕ್ಕೆ ಬಂದ ಹೊಸತು. ರಸ್ತೆ ಬದಿಯ ಹಳೇ ಸಾಮಾನಿನ ಅಂಗಡಿಯಲ್ಲಿ 90 ಡಾಲರ್ ಕೊಟ್ಟು ಖುಷಿಯಿಂದ ಮನೆಗೆ ತಂದಿದ್ದೆ. ಹಳದಿ-ಕಪ್ಪು ಟ್ಯಾಕ್ಸಿ. ಇಲಿನಾಯ್‌ನ ಫ್ರೀಪೋರ್ಟ್ ಊರಿನ ಆರ್ಕೇಡ್ ಕಂಪನಿ 1920ರ ದಶಕದಲ್ಲಿ ಮಾಡುತ್ತಿದ್ದ ಯೆಲ್ಲೋ ಕ್ಯಾಬ್ ಅಂತ ನಂಬಿದ್ದೆ. ‘ನೋಡೋಕೆ ಥೇಟ್ ನಿಜವಾದದ್ದೇ’ ಅನ್ನುವ ಅರ್ಥದ ಜಾಹೀರಾತು ಅವರದ್ದು. ನನ್ನದೂ ಥೇಟ್ ಹಾಗೇ ಇತ್ತು, ಅದೇ ತೊಂದರೆ.

ಮೋಸ ಹಿಡಿದದ್ದು ಅಪ್ಪ. ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಮೂವತ್ತು ವರ್ಷ ಮೋಲ್ಡಿಂಗ್ ಮಾಡಿದವರು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. “ಬೋರಲ ಹಾಕಿ ತೋರಸು” ಅಂದರು. ಒಳಮೈ ನೋಡಿದ್ದೇ ತಡ, “ಉಸುಕು ಭಾಳ ದಪ್ಪ ಐತಲ್ಲೋ. ಇಷ್ಟು ಸಣ್ಣ ಸಾಮಾನಿಗೆ ಇಂಥಾ ಉಸುಕು ಯಾರು ಹಾಕ್ತಾರ?” ಅಂದರು.

ಅಲ್ಲಿಂದ ಶುರುವಾಯಿತು ನನ್ನ ಪಾಠ. ಈ ಕಾರುಗಳನ್ನು ಎಡ-ಬಲ ಎರಡು ಹೋಳಾಗಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಆಮೇಲೆ ರಿವೆಟ್ ಬಡಿದು ಕೂಡಿಸುತ್ತಿದ್ದರು. ಹಳೆಯದರಲ್ಲಿ ಕೂಡಿಕೆಯ ಗೆರೆ ಉಗುರಿಗೆ ಸಿಗುವುದೇ ಕಷ್ಟ. ನನ್ನ ಟ್ಯಾಕ್ಸಿಯ ಸಂದಿಯಲ್ಲಿ ವಿಸಿಟಿಂಗ್ ಕಾರ್ಡ್ ಆರಾಮಾಗಿ ತೂರಿತು! ಮೈ ಸವರಿದರೆ ಹಳೆಯದು ಅವ್ವನ ದೋಸೆ ಹಂಚಿನಷ್ಟು ನುಣುಪು, ತುಕ್ಕು ಹಿಡಿದಿದ್ದರೂ ಕಂದುಗಪ್ಪು. ಹೊಸದರ ತುಕ್ಕು ಕಿತ್ತಳೆ ಬಣ್ಣ, ಬೆರಳಿಗೆ ಪುಡಿ ಅಂಟುತ್ತದೆ. ಪ್ಲಸ್ ತಲೆಯ ಸ್ಕ್ರೂ ಕಂಡರಂತೂ ಸುಮ್ನೆ ಕೆಳಗಿಟ್ಟುಬಿಡುತ್ತೇನೆ. 1920ರ ದಶಕದಲ್ಲಿ ಆ ಸ್ಕ್ರೂ ಎಲ್ಲಿತ್ತು?

ಅಪ್ಪ ಹೇಳಿಕೊಟ್ಟ ದೊಡ್ಡ ಗುಟ್ಟು ಅಳತೆಯದ್ದು. ಬೀಡು ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಯನ್ನು, ಅಷ್ಟು ದೊಡ್ಡದಾಗಿ ಮಾಡುತ್ತಾರೆ. ನಕಲಿ ಮಾಡುವವರು ಅಸಲಿ ಆಟಿಕೆಯನ್ನೇ ಪ್ಯಾಟರ್ನ್ ಮಾಡಿಕೊಂಡರೆ ಹುಟ್ಟುವ ಮರಿ ಚಿಕ್ಕದೇ ಆಗಬೇಕಲ್ವಾ? 9 ಇಂಚಿನ ಕಾರಿಗೆ 2 ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ. ಈಗ ಜೇಬಿನಲ್ಲಿ ಯಾವಾಗಲೂ ಸೂಕ್ಷ್ಮ ಅಳತೆಯ ಸಾಧನ ವರ್ನಿಯರ್ ಇರುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಎರಡನೇ ಮಹಾಯುದ್ಧಕ್ಕೆ ಕಬ್ಬಿಣ ಬೇಕಾದಾಗ ಈ ಆಟಿಕೆಗಳ ಕಾಲ ಮುಗಿಯಿತು. ಹಾಗಾಗಿ ಉಳಿದಿರುವುದೆಲ್ಲ ಮಕ್ಕಳು ಎಳೆದಾಡಿದ್ದೇ. ಬಣ್ಣ ಹಾರಿದೆ ಅಂತ ಹೊಸ ಬಣ್ಣ ಬಳಿಯಲೇಬಾರದು, ಬೆಲೆ ಬಿದ್ದುಹೋಗುತ್ತದೆ. ನೀರು ತಾಗಿಸುವುದಿಲ್ಲ, ಮೆತ್ತನೆ ಬ್ರಶ್ಶಿನಿಂದ ಧೂಳು ಒರೆಸುತ್ತೇನೆ, ಅಷ್ಟೇ. ಲ್ಯಾಂಕಾಸ್ಟರ್‌ನ ಹಬ್ಲೀ ಕಂಪನಿಯ ಪುಟ್ಟ ಕಾರೊಂದನ್ನು ಒರೆಸುತ್ತಾ ಟೈಲ್ಸ್ ಮೇಲೆ ಬೀಳಿಸಿದೆ. ಬೀಡು ಬಾಗುವುದಿಲ್ಲ, ಮುರಿಯುತ್ತದೆ. ಮಡ್‌ಗಾರ್ಡಿನ ಚೂರು ಇನ್ನೂ ಬೆಂಕಿಪೊಟ್ಟಣದಲ್ಲಿದೆ.

ಹೋದ ತಿಂಗಳು ಆ್ಯಡಮ್ಸ್‌ಟೌನ್‌ನ ಭಾನುವಾರದ ಸಂತೆಯಲ್ಲಿ ಅಸಲಿ ಯೆಲ್ಲೋ ಕ್ಯಾಬ್ ಸಿಕ್ಕಿತು. ಸಂದಿ ಇಲ್ಲ, ರಿವೆಟ್ ಇದೆ, ಚಾವಣಿಯಲ್ಲಿ ಯಾವುದೋ ಮಗುವಿನ ಕೈ ಸವೆಸಿದ ಗುರುತು. ಚೀಟಿಯಲ್ಲಿ ಸಾವಿರ ಡಾಲರ್ ದಾಟಿತ್ತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ವರ್ನಿಯರ್ ತೋರಿಸಿದೆ.

“ಅಳತಿ ಸರಿ ಐತಿ” ಅಂದರು. “ರೇಟ್ ಸರಿ ಇಲ್ಲ. ಇಟ್ಟು ಬಾ.”