ಕಷ್ಟದ ಪೇಪರಿಗೊಂದು ಸೀನಿಯರ್ ಜೋಡಿ: ಕಲಬುರಗಿಯ ಪದವಿ ಕಾಲೇಜಿನಲ್ಲಿ ನಮ್ಮ ಅನುಭವ

ನಮ್ಮ ಕಾಲೇಜಿನಲ್ಲಿ ಕಷ್ಟದ ಪೇಪರನ್ನು ಜೂನಿಯರುಗಳಿಗೆ ಸೀನಿಯರುಗಳೇ ಗುಂಪು ಕೂಡಿಸಿ ಹೇಳಿಕೊಡುತ್ತಾರೆ. ‘ಕಲಿಕೆಯಲ್ಲಿ ಹಿಂದುಳಿದವರು’ ಅಂತ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿದರೆ ಒಬ್ಬರೂ ಬರುವುದಿಲ್ಲ. ಅದಕ್ಕೇ ನಾವು ಮೊದಲು ಪೇಪರನ್ನು ಆರಿಸುತ್ತೇವೆ. ಹಿಂದಿನ ಫಲಿತಾಂಶ ತೆಗೆದು ನೋಡಿ, ಶೇ. 30ಕ್ಕಿಂತ ಹೆಚ್ಚು ಮಂದಿಗೆ ಬ್ಯಾಕ್ ಉಳಿದ (ಪಾಸಾಗದೆ ಬಾಕಿಯಾದ) ಪೇಪರಿಗೆ ಸೀನಿಯರುಗಳನ್ನು ಕೊಡುತ್ತೇವೆ. ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಅದು ಬಹುತೇಕ ಅಕೌಂಟಿಂಗ್. ಆ ಕ್ಲಾಸಿನ ಯಾರು ಬೇಕಾದರೂ ಬಂದು ಕೂರಬಹುದು, ಹೀಗಾಗಿ ಬರಲು ನಾಚಿಕೆಯಿಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶುರುವಾದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಪದ್ಧತಿಯೂ ಹೀಗೆ ಕಷ್ಟದ ಪೇಪರನ್ನೇ ಹಿಡಿದು ಹೊರಟದ್ದು.

ಸೀನಿಯರ್ ಅಂದರೆ ಟಾಪರ್ ಆಗಬೇಕಿಲ್ಲ. ಥಟ್ಟನೆ ತಿಳಿದುಬಿಟ್ಟವರಿಗೆ ಎಲ್ಲಿ ತಿಳಿಯುವುದಿಲ್ಲ ಎಂಬುದು ಕಾಣುವುದಿಲ್ಲ. ಮೊದಲ ಇಂಟರ್ನಲ್ಸಿನಲ್ಲಿ (ಸೆಮಿಸ್ಟರಿನ ನಡುವೆ ಕಾಲೇಜೇ ನಡೆಸುವ ಪರೀಕ್ಷೆ) ಸೋತು, ಆಮೇಲೆ ಅದೇ ಪೇಪರಿನಲ್ಲಿ ಅರವತ್ತು, ಎಪ್ಪತ್ತು ತೆಗೆದವರು ನಮಗೆ ಬೇಕು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಾದರೆ ಇನ್ನೂ ಒಳ್ಳೆಯದು. ಐದಾರು ಜನರ ಗುಂಪಿಗೆ ಇಬ್ಬರು ಸೀನಿಯರುಗಳು. ಒಬ್ಬರಿಗೆ ಲ್ಯಾಬ್ ಬಂದರೂ ಇನ್ನೊಬ್ಬರು ಇರುತ್ತಾರೆ, ಗುಂಪು ಒಡೆಯುವುದಿಲ್ಲ.

ಸಮಯ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ದಿನಾ ಬಸ್ಸಿಗೆ ಬರುವವರು ಸಂಜೆ ನಿಲ್ಲುವುದಿಲ್ಲ; ನಿಂತರೆ ಮನೆಯಲ್ಲಿ ಬೈಗುಳ, ಹೆಣ್ಣುಮಕ್ಕಳಿಗಂತೂ ಕಾಲೇಜೇ ಬಂದ್ ಆಗಬಹುದು. ಅದಕ್ಕೆ ಟೈಮ್ ಟೇಬಲಿನಲ್ಲೇ ಮಧ್ಯಾಹ್ನದ ಬಿಡುವಿನ ಪಕ್ಕ ವಾರಕ್ಕೆ ಎರಡು ಸಲ 45 ನಿಮಿಷದ ಬೈಠಕ್ ಹಾಕಿಸಬೇಕು. ಜಾಗ ಬಾಗಿಲು ತೆರೆದ ಕ್ಲಾಸ್ ರೂಮು ಅಥವಾ ಲೈಬ್ರರಿ. ಹುಡುಗಿಯರ ಫೋನ್ ನಂಬರ್ ಸೀನಿಯರುಗಳ ಕೈಗೆ ಹೋಗಬಾರದು, ಸುದ್ದಿ ಏನಿದ್ದರೂ ಕ್ಲಾಸ್ ಟೀಚರ್ ಮೂಲಕವೇ.

ಶುರು ಮಾಡುವ ಮೊದಲು ಸೀನಿಯರುಗಳಿಗೆ ಎರಡು ಅರ್ಧ ದಿನದ ತರಬೇತಿ. ಅದರಲ್ಲಿ ಮುಖ್ಯವಾದ ನಿಯಮ, ಪೆನ್ನು ಜೂನಿಯರ್ ಕೈಯಲ್ಲೇ ಇರಬೇಕು. ಒಂದು ಲೆಕ್ಕ ನೋಡಿ: ₹50,000ರ ಯಂತ್ರ, ಇಳಿಕೆ ಶಿಲ್ಕಿನ ಪದ್ಧತಿಯಲ್ಲಿ, ಅಂದರೆ ಆಯಾ ವರ್ಷ ಉಳಿದ ಬೆಲೆಯ ಮೇಲೆ, ವರ್ಷಕ್ಕೆ ಶೇ. 10 ಸವಕಳಿ (ಬಳಸಿದ್ದಕ್ಕೆ ಇಳಿಯುವ ಬೆಲೆ). ಮೊದಲ ವರ್ಷ 5,000 ಸರಿಯಾಗಿ ಬರೆದವನು ಎರಡನೇ ವರ್ಷವೂ 5,000 ಎಂದೇ ಬರೆಯುತ್ತಾನೆ. ಸೀನಿಯರ್ ಪೆನ್ನು ಕಸಿದುಕೊಂಡು 4,500 ಅಂತ ತಿದ್ದಿದರೆ ಆ ಹುಡುಗ ತಲೆಯಾಡಿಸುತ್ತಾನೆ, ಪರೀಕ್ಷೆಯಲ್ಲಿ ಮತ್ತೆ 5,000 ಬರೆಯುತ್ತಾನೆ. ಅದರ ಬದಲು, ‘ವರ್ಷ ಮುಗಿದಾಗ ಯಂತ್ರದ ಬೆಲೆ ಎಷ್ಟು ಉಳೀತೋ ತಮ್ಮಾ?’ ಅಂತ ಕೇಳಿ ಸುಮ್ಮನಿರಬೇಕು. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ‘ನಲವತ್ತೈದು ಸಾವಿರ’ ಎಂದು ಅವನ ಬಾಯಿಂದ ಬಂದರೆ 4,500, ಆಮೇಲೆ 4,050 ತಾನೇ ಬರೆಯುತ್ತಾನೆ. ಹೀಗೆ ಸುಮ್ಮನಿರುವುದೇ ಸೀನಿಯರುಗಳಿಗೆ ಎಲ್ಲಕ್ಕಿಂತ ಕಷ್ಟ. ತರಬೇತಿಯ ಹೆಚ್ಚಿನ ಹೊತ್ತು ಇದನ್ನೇ ಜೋಡಿಜೋಡಿಯಾಗಿ ಮಾಡಿಸುತ್ತೇವೆ.

ಬೈಠಕ್ಕಿನ ಮೊದಲ ಐದು ನಿಮಿಷ ಹಿಂದಿನ ವಾರದ ಒಂದು ಲೆಕ್ಕ, ಪುಸ್ತಕ ಮುಚ್ಚಿ. ನಂತರ ಅರ್ಧ ಗಂಟೆ ಎರಡೇ ಎರಡು ಹೊಸ ಲೆಕ್ಕ. ಕೊನೆಗೆ ಪ್ರತಿಯೊಬ್ಬರೂ ತಮಗೆ ತಿಳಿಯದ ಒಂದು ಸಾಲನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಹೆಸರು ಬೇಡ. ಆ ಚೀಟಿಗಳು ಮರುದಿನ ಪಾಠ ಮಾಡುವ ಮೇಷ್ಟ್ರ ಟೇಬಲ್ಲಿಗೆ ಹೋಗುತ್ತವೆ. ‘ನಮ್ಮ ಪಾಠ ಸರಿಯಿಲ್ಲ ಅಂತ ಹುಡುಗರಿಂದ ಹೇಳಿಸ್ತೀರಿ’ ಎಂದು ಮುನಿಯುವ ಮೇಷ್ಟ್ರು ಇದ್ದೇ ಇರುತ್ತಾರೆ. ಅವರನ್ನು ಲೆಕ್ಕಗಳನ್ನು ಆರಿಸುವಾಗಲೇ ಸೇರಿಸಿಕೊಂಡರೆ ಆ ಮುನಿಸು ಉಳಿಯುವುದಿಲ್ಲ.

ಕೆಡುವ ದಾರಿಗಳು ಗೊತ್ತಿರುವಂಥವೇ. ಸೀನಿಯರ್ ಅಸೈನ್‌ಮೆಂಟ್ ಬರೆದುಕೊಡಲು ಶುರು ಮಾಡುತ್ತಾನೆ. ವಾಟ್ಸಾಪಿನಲ್ಲಿ ನೋಟ್ಸಿನ ಫೋಟೋ ಬಂದಮೇಲೆ ಯಾರೂ ಬೈಠಕ್ಕಿಗೆ ಬರುವುದಿಲ್ಲ, ಆದ್ದರಿಂದ ಕ್ಲಾಸ್ ಟೀಚರ್ ಕಳಿಸುವ ಸುದ್ದಿಯಲ್ಲಿ ಸಮಯ ಮತ್ತು ರೂಮ್ ನಂಬರ್ ಮಾತ್ರ ಇರಬೇಕು. ತೊಗರಿ ರಾಶಿಯ ಹೊತ್ತಿಗೆ, ಡಿಸೆಂಬರ್–ಜನವರಿಯಲ್ಲಿ, ಹೊಲದ ಮನೆಯ ಹುಡುಗರು ವಾರಗಟ್ಟಲೆ ಕಾಣುವುದಿಲ್ಲ. ಹಾಜರಿ ಕಡಿಮೆಯಾದ ಮೇಲೆ ಅವರು ಮುಖ ತೋರಿಸಲು ಹಿಂಜರಿಯುತ್ತಾರೆ. ಆ ವಾರಗಳಿಗೆ ಹೊಸ ಅಧ್ಯಾಯ ಇಟ್ಟುಕೊಳ್ಳದೆ, ಬಂದ ಮೇಲೆ ಅವರಿಗೇ ಬೇರೆ ಎರಡು ಬೈಠಕ್ ಕಾದಿಡಬೇಕು.

ಬಾರದಿರಲು ಕಾರಣ ಓದೇ ಆಗಿರಬೇಕಿಲ್ಲ. ಸ್ಕಾಲರ್‌ಶಿಪ್ ಹಣ ಬಂದಿಲ್ಲವೆಂದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲು ನೋಡಿ, ಆಫೀಸಿನ ಸ್ಕಾಲರ್‌ಶಿಪ್ ಕ್ಲರ್ಕ್ ಹತ್ತಿರ ಸೀನಿಯರ್ ಜೊತೆಗೇ ಹೋಗಬೇಕು. ಸುಮ್ಮನೆ ‘ಹೋಗಿ ಕೇಳು’ ಎಂದರೆ ಮೊದಲ ವರ್ಷದವರು ಹೋಗುವುದಿಲ್ಲ. ಮನಸ್ಸಿನ ಸಂಕಟವಾದರೆ ಸೀನಿಯರ್ ಕೇಳಿಸಿಕೊಳ್ಳಲಿ, ಸಲಹೆಗಾರನಾಗುವುದು ಬೇಡ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಗುಟ್ಟು ಇಡುವ ಪ್ರಶ್ನೆಯೇ ಇಲ್ಲ. ಆ ಹುಡುಗನನ್ನು ಒಬ್ಬನೇ ಬಿಡದೆ, ಆಗಲೇ ಮೇಷ್ಟ್ರಿಗೆ ತಿಳಿಸಬೇಕು. ಇದನ್ನು ಸೀನಿಯರುಗಳಿಗೂ ಜೂನಿಯರುಗಳಿಗೂ ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡುತ್ತೇವೆ.

ರಿಜಿಸ್ಟರಿನಲ್ಲಿ ತಾರೀಖು, ಹಾಜರಿ, ಮಾಡಿದ ಲೆಕ್ಕ, ಇಷ್ಟೇ. ಉಪಯೋಗ ಆಯಿತೇ ಎಂದು ತಿಳಿಯಲು, ಮೊದಲ ಇಂಟರ್ನಲ್ಸಿನಲ್ಲಿ ಒಂದೇ ಸಮ ಅಂಕ ತೆಗೆದ, ಬೈಠಕ್ಕಿಗೆ ಬಂದವರನ್ನೂ ಬಾರದವರನ್ನೂ ಎರಡನೇ ಇಂಟರ್ನಲ್ಸಿನಲ್ಲಿ ಹೋಲಿಸಿ ನೋಡಬೇಕು. ಹಾಗೆ ಮಾಡಿದರೂ ಹುಮ್ಮಸ್ಸಿದ್ದವರೇ ಹೆಚ್ಚು ಬರುತ್ತಾರೆಂಬುದು ನೆನಪಿರಲಿ.

ಪರೀಕ್ಷೆಗೆ ಎರಡು ವಾರ ಮೊದಲು ಬೈಠಕ್ ನಿಲ್ಲಿಸಿ, ಸೀನಿಯರುಗಳಿಗೂ ಓದಬೇಕಿರುತ್ತದೆ. ಅವರ ಗಂಟೆಗಳ ಲೆಕ್ಕ ಹಾಕಿದ ಪ್ರಮಾಣಪತ್ರ, ಝೆರಾಕ್ಸ್ ಮತ್ತು ಚಹಾದ ಖರ್ಚು ಕಾಲೇಜಿನಿಂದ ಬರಲೇಬೇಕು. ಮುಂದಿನ ವರ್ಷದ ಸೀನಿಯರುಗಳನ್ನು ಈ ಗುಂಪುಗಳಿಂದಲೇ ಆರಿಸಿ, ಪರೀಕ್ಷೆಗೆ ಮುಂಚೆಯೇ ಕೇಳಿ ಹೆಸರು ಬರೆಸಿಕೊಳ್ಳಿ. ರಜೆಗೆ ಊರು ಸೇರಿದ ಮೇಲೆ ಕರೆದು ಕೂಡಿಸುವುದು ಆಗುವ ಕೆಲಸವಲ್ಲ.