ಪಂಪ್‌ಸೆಟ್ ಅಂಗಡಿಯಲ್ಲಿ ಸುತ್ತಿದ ಕ್ರಾಸ್‌ಓವರ್: ನನ್ನ ಸ್ಪೀಕರ್ ಅನುಭವ

ಮೋಟಾರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ, ಸೀಲಿಂಗ್ ಫ್ಯಾನಿನ ಕೆಪಾಸಿಟರ್. ಇವೆರಡರಲ್ಲೇ ಹೈ-ಫೈ ಸ್ಪೀಕರಿಗೆ ಕ್ರಾಸ್‌ಓವರ್, ಅಂದರೆ ದಪ್ಪ ದನಿ, ಸಣ್ಣ ದನಿ ಬೇರೆ ಮಾಡಿ ಹಂಚುವ ಸರ್ಕ್ಯೂಟ್, ಮಾಡ್ತೇನೆ ಅಂದಾಗ ಒಬ್ಬರೂ ನಂಬಲಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಭಾವ ಫೋನಿನಲ್ಲೇ ಹೇಳಿದ್ದರು, "ಸುಮ್ನೆ ದುಡ್ಡು ಹಾಳು ಮಾಡ್ಬೇಡ ಮಾರಾಯ. ಅಷ್ಟಕ್ಕೆ ರೆಡಿಮೇಡ್ ಜೊತೆಯೇ ಬರ್ತದೆ." ಎರಡೂವರೆ ವರ್ಷ ಹಿಡಿಯಿತು. ಈಗ ಆ ಜೊತೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆಯ ಜಗಲಿ ಕೋಣೆಯಲ್ಲಿದೆ. ಕೇಳಿದವರು ಎದ್ದು ಹೋಗುವುದಿಲ್ಲ.

ದಪ್ಪ ದನಿಗೆ ಆರೂವರೆ ಇಂಚಿನ ಪೇಪರ್ ಕೋನ್ ವೂಫರ್, ಸಣ್ಣ ದನಿಗೆ ಒಂದು ಇಂಚಿನ ಸಿಲ್ಕ್ ಡೋಮ್ ಟ್ವೀಟರ್. ಡಬ್ಬಿ 18 ಲೀಟರ್, ಅದರ ಗಾಳಿ ಅನುರಣಿಸುವ ಟ್ಯೂನಿಂಗ್ 42 ಹರ್ಟ್ಸ್ ಆಸುಪಾಸು. ಪೋರ್ಟಿಗೆ (ಡಬ್ಬಿಯ ಗಾಳಿ ಆಡುವ ತೂತಿಗೆ) 63 ಎಂಎಂ ಪಿವಿಸಿ ಪೈಪು, ಉದ್ದ 21 ಸೆಂಟಿಮೀಟರ್ ಇರಬೇಕು. ಲೆಕ್ಕ ಇಲ್ಲಿ ಬೇಡ. ಆದರೆ ಡೇಟಾ ಶೀಟ್ ನಂಬಿ ಡಬ್ಬಿ ಕೊಯ್ಯಬೇಡಿ. ನನ್ನ ವೂಫರಿನ ಎಫ್‌ಎಸ್, ಅಂದರೆ ಅದರ ಕೋನ್ ಸಹಜವಾಗಿ ಅದುರುವ ಆವರ್ತನ, 38 ಹರ್ಟ್ಸ್ ಅಂತ ಬರೆದಿತ್ತು. ಅಳೆದರೆ ಒಂದು 44, ಇನ್ನೊಂದು 42. ಒಂದು ವಾರ ಆಡಿಸಿದ ಮೇಲೆ ಎರಡೂ 40ರ ಹತ್ತಿರ ಬಂದವು. ಆಮೇಲೆಯೇ ಗರಗಸ ಹಿಡಿದೆ.

ಮೊದಲ ಸೋಲು ಕ್ರಾಸ್‌ಓವರಿನದು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಎರಡು ರೆಡಿಮೇಡ್ ಬೋರ್ಡ್ ತಂದೆ, 1,400 ರೂಪಾಯಿ. ಮೇಲೆ "3 ಕಿಲೋಹರ್ಟ್ಸ್, 8 ಓಮ್" ಅಂತ ಅಚ್ಚಾಗಿತ್ತು. ಆದರೆ 8 ಓಮ್ ವೂಫರಿನ ವಿದ್ಯುತ್ ತಡೆ 3 ಕಿಲೋಹರ್ಟ್ಸ್‌ನಲ್ಲಿ 8 ಓಮೇ ಇರುವುದಿಲ್ಲ, ಏರಿರುತ್ತದೆ; ಬೋರ್ಡಿನ ಲೆಕ್ಕ ತಪ್ಪುತ್ತದೆ. ನನ್ನದು ಅಲ್ಲಿ 15 ದಾಟುತ್ತಿತ್ತು. ಹೆಣ್ಣು ದನಿ ಬಂದರೆ ಕಿವಿ ಚುಚ್ಚುತ್ತಿತ್ತು. ಮೃದಂಗದ ತೊಪ್ಪಿ, ಅಂದರೆ ಎಡಬದಿಯ ದಪ್ಪ ದನಿ, ಸತ್ತೇ ಹೋಗಿತ್ತು.

ಎರಡನೆಯದು ಮಳೆಗಾಲದ್ದು. ಮೊದಲ ಡಬ್ಬಿ 18 ಎಂಎಂ ಎಂಡಿಎಫ್, ಮರದ ನಾರು ಒತ್ತಿ ಮಾಡಿದ ಹಲಗೆ. ಬಣ್ಣವನ್ನು ಹೊರಗೆ ಮಾತ್ರ ಹೊಡೆದಿದ್ದೆ, ಅಡಿಭಾಗದ ಅಂಚು ಹಾಗೇ ಬಿಟ್ಟಿದ್ದೆ. ಮಲೆನಾಡಿನ ಜುಲೈ ಅದನ್ನು ಬಿಡುತ್ತದಾ? ಆಗಸ್ಟಿಗೆ ಅಂಚು ನೆನೆದ ಬಿಸ್ಕತ್ತಿನ ಹಾಗೆ ಉಬ್ಬಿತ್ತು, ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು. ಹಲಗೆ, ಬಣ್ಣ, ಕೂಲಿ ಸೇರಿ ನಾಲ್ಕು ಸಾವಿರ ಹೋಯಿತು. ಎರಡನೇ ಸಲ ಮೆರೈನ್ ಪ್ಲೈವುಡ್ ಹಾಕಿದೆ, ನಡುವೆ ಅಡ್ಡಪಟ್ಟಿ ಕೊಟ್ಟೆ, ಒಳಗೋಡೆಗೆ ಕಾರಿನವರು ಹಾಕುವ ಡಾಂಬರು ಹಾಳೆ ಅಂಟಿಸಿದೆ. ಅದರ ಮೇಲೆ ಇನ್ನೊಂದು ಲೇಪ ಇದೆ. ಅದನ್ನು ಕಂಡುಕೊಳ್ಳುವುದಕ್ಕೆ ಐದು ತಿಂಗಳು ಹಿಡಿದಿದೆ, ಸದ್ಯ ನನ್ನ ಹತ್ತಿರವೇ ಇರಲಿ. ಡಬ್ಬಿಯ ಪಕ್ಕ ಬೆರಳಿನಿಂದ ಕುಟ್ಟಿದರೆ ಈಗ ಬಂಡೆಗೆ ಕುಟ್ಟಿದ ಹಾಗೆ ಕೇಳುತ್ತದೆ.

ವೀಣೆ ಮಾಡುವುದು ಹಲಸಿನ ಮರದಲ್ಲಿ ಅಲ್ವಾ, ಸ್ಪೀಕರೂ ಮಾಡೋಣ ಅಂತ ನಡುವೆ ಒಂದು ಹಲಸಿನ ಡಬ್ಬಿಯನ್ನೂ ಮಾಡಿದ್ದೆ. ನೋಡಲು ಬಹಳ ಚೆಂದ. ಆದರೆ ವೀಣೆಯ ಮರ ಹಾಡಬೇಕು, ಸ್ಪೀಕರಿನ ಮರ ಬಾಯಿ ಮುಚ್ಚಿಕೊಂಡಿರಬೇಕು. 250 ಹರ್ಟ್ಸ್ ಹತ್ತಿರ ಡಬ್ಬಿ ತಾನೇ ಗುಂಯ್ ಅನ್ನುತ್ತಿತ್ತು. ಹಳೆ ದಿಂಬಿನ ಬೂರುಗದ ಹತ್ತಿ ತುಂಬಿದೆ. ಕೆಲಸವೇನೋ ಮಾಡಿತು, ಆದರೆ ಯಕ್ಷಗಾನದ ಜೋರು ಪದ್ಯ ಬಂದಾಗ ಪೋರ್ಟಿನಿಂದ ನೂಲುನೂಲಾಗಿ ಹಾರಿತು. ಈಗ ಪಾಲಿಯೆಸ್ಟರ್ ಹತ್ತಿ. ಕುಂಬಾರರ ಮಡಕೆಗೆ, ಎಲ್ಲ ದನಿಯನ್ನೂ ಒಂದೇ ನುಡಿಸುವ ನಾಲ್ಕು ಇಂಚಿನ ಫುಲ್ ರೇಂಜ್ ಸ್ಪೀಕರ್ ಕೂರಿಸಿದ್ದು ಮಾತ್ರ ನಿಜವಾಗಿ ಚೆನ್ನಾಗಿ ಬಂತು. ಗುಂಡನೆಯ ಮೈಗೆ ದನಿ ಅಂಚಿಗೆ ಬಡಿದು ಚದುರುವ ಕಾಟ ಇಲ್ಲ. ಅದನ್ನು ಮುಂದೆ ನೋಡಬೇಕು.

ರೆಡಿಮೇಡ್ ಬೋರ್ಡ್ ಕೈಕೊಟ್ಟ ಮೇಲೆ ಕ್ರಾಸ್‌ಓವರನ್ನು ನಾನೇ ಮಾಡಬೇಕಿತ್ತು. ಮೊದಲು ಕಾಯಿಲ್, ವೂಫರಿಗೆ ಸಣ್ಣ ದನಿ ಹೋಗದಂತೆ ತಡೆಯುವುದು. ತೋಟದ ಪಂಪ್ ಸುಟ್ಟು ರಿವೈಂಡಿಂಗಿಗೆ ಕೊಟ್ಟಿದ್ದೆ. ಅಲ್ಲಿ ಗೋಡೆಗೆ ನೇತುಹಾಕಿದ್ದ 18 ಗೇಜಿನ ಎನಾಮಲ್ ತಂತಿ ನೋಡಿದಾಗ ತಲೆಗೆ ಹೊಳೆಯಿತು. ಕೇಜಿಗೆ ಸಾವಿರದ ಚಿಲ್ಲರೆ. ಸುತ್ತುವ ಯಂತ್ರ ಇದೆ, ಅದಕ್ಕೆ ಕೌಂಟರ್ ಇದೆ. ಇನ್ನೇನು ಬೇಕು? ಅಂಗಡಿಯವರು ನನ್ನ ಬಾಬಿನ್ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಇಂಚಿನ ಪೈಪಿನ ತುಂಡು, ಎರಡೂ ಕಡೆ ಪ್ಲೈವುಡ್ ಬಿಲ್ಲೆ. "ಇದು ಯಾವ ಪಂಪಿಂದು ಮಾರಾಯ್ರೆ?" ಅಂದರು. ಪಂಪಿಂದಲ್ಲ, ಪದ್ಯ ಕೇಳುವುದಕ್ಕೆ ಅಂದೆ.

ಮೊದಲ ಕಾಯಿಲಿನ ಇಂಡಕ್ಟೆನ್ಸ್ ಅಲ್ಲೇ ಅಳೆದು ನನಗೆ ಬೇಕಿದ್ದ 1.5 ಮಿಲಿಹೆನ್ರಿಗೆ ಸರಿ ಮಾಡಿದೆ. ಮನೆಗೆ ತಂದರೆ ಬಹಳ ಕಮ್ಮಿ! ಯಂತ್ರಕ್ಕೆ ಕೂರಿಸಿದ್ದ ಕಬ್ಬಿಣದ ಬೋಲ್ಟ್ ತೆಗೆಯದೆಯೇ ಅಳೆದಿದ್ದೆ; ಒಳಗೆ ಕಬ್ಬಿಣ ಇದ್ದರೆ ಅಳತೆ ಜಾಸ್ತಿ ಬರುತ್ತದೆ. ಮುನ್ನೂರು ಗ್ರಾಂ ತಾಮ್ರ ಹೋಯಿತು. ಆಮೇಲಿನ ಕ್ರಮ ಹೀಗೆ: 250 ಸುತ್ತು ಸುತ್ತಿಸುವುದು, ಬೋಲ್ಟ್ ತೆಗೆದು ಮೀಟರ್ ಹಿಡಿಯುವುದು, ಒಂದೊಂದೇ ಸುತ್ತು ಬಿಚ್ಚುತ್ತಾ ಬರುವುದು. ನನಗೆ 240ರ ಹತ್ತಿರ 1.5 ಸಿಕ್ಕಿತು. ಡಿಸಿ ರೆಸಿಸ್ಟೆನ್ಸ್ ಅರ್ಧ ಓಮಿಗಿಂತ ಸ್ವಲ್ಪ ಕಮ್ಮಿ. ಕೊನೆಗೆ ಅವರ ವಾರ್ನಿಷ್ ಡಬ್ಬದಲ್ಲೇ ಮುಳುಗಿಸಿ, ಮೋಟಾರುಗಳ ಜೊತೆ ಒಲೆಯಲ್ಲಿ ಒಣಗಿಸಿದರು. ಕಲ್ಲಿನ ಹಾಗೆ ಕೂತಿದೆ, ಒಂದು ಸುತ್ತೂ ಅಲುಗುವುದಿಲ್ಲ. ದುಬಾರಿ ಕಾಯಿಲ್‌ಗಳಲ್ಲೂ ನಾನು ಇಷ್ಟು ಗಟ್ಟಿ ನೋಡಿಲ್ಲ.

ಟ್ವೀಟರಿಗೆ ದಪ್ಪ ದನಿ ಹೋಗದಂತೆ ತಡೆಯುವ ಕೆಪಾಸಿಟರಿಗೆ ಫ್ಯಾನಿನ 2.5 ಮೈಕ್ರೋಫ್ಯಾರಡ್. ಅದು ಪಾಲಿಪ್ರೊಪಿಲೀನೇ, 440 ವೋಲ್ಟಿಂದು. ನಾಲ್ಕು ಪ್ಯಾರಲಲ್ ಹಾಕಿದರೆ ಹತ್ತು. ಒಂದಕ್ಕೆ ಐವತ್ತು ರೂಪಾಯಿ ಇರಬಹುದು. ಇಪ್ಪತ್ತು ತಂದು, ಎಲ್ಲವನ್ನೂ ಅಳೆದು, ಎಡ ಬಲಕ್ಕೆ ಜೋಡಿ ಹೊಂದಿಸಿದೆ. ಮೋಟಾರ್ ಸ್ಟಾರ್ಟ್ ಕೆಪಾಸಿಟರ್ ಮಾತ್ರ ತರಬೇಡಿ, ಅದು ಎಲೆಕ್ಟ್ರೊಲಿಟಿಕ್, ಈ ಕೆಲಸಕ್ಕೆ ಒಗ್ಗುವುದಿಲ್ಲ.

ಇಷ್ಟಾದರೂ ಮೈಕ್ ಇಟ್ಟು ಸ್ಪೀಕರಿನ ದನಿ ಅಳೆದರೆ ಅಳತೆ ಕೂಡುತ್ತಿರಲಿಲ್ಲ. ಕೋಣೆಯೊಳಗೆ ನೆಲದ ಪ್ರತಿಫಲನ ಬಂದು 300 ಹರ್ಟ್ಸ್ ಕೆಳಗಿನದು ನಂಬುವ ಹಾಗಿಲ್ಲ. ನನ್ನ ಬ್ಯಾಫಲ್ (ಡಬ್ಬಿಯ ಮುಂದಿನ ಹಲಗೆ) 21 ಸೆಂಟಿಮೀಟರ್ ಅಗಲ, ದನಿ ಹಲಗೆ ಸುತ್ತಿ ಹಿಂದಕ್ಕೂ ಹರಡಲು ಶುರುವಾಗುವ ಬ್ಯಾಫಲ್ ಸ್ಟೆಪ್ 550 ಹರ್ಟ್ಸ್ ಹತ್ತಿರ ಬರುತ್ತದೆ. ಅದರ ಕೆಳಗೆ ಏನಾಗ್ತಿದೆ ಅಂತ ಗೊತ್ತಾಗದೆ ಕ್ರಾಸ್‌ಓವರ್ ಮಾಡುವುದು ಹೇಗೆ? ಕೊನೆಗೆ ಸ್ಪೀಕರನ್ನು ಅಂಗಳದ ಅಡಿಕೆ ಚಪ್ಪರದ ಮೇಲೆ ಹತ್ತಿಸಿದೆ. ಹತ್ತು ಅಡಿ ಎತ್ತರ. ಬ್ಯಾಫಲ್ ತುದಿಯಿಂದ ಹೊರಗೆ ಚಾಚಿತ್ತು, ಮೈಕನ್ನು ಒಂದು ಮೀಟರ್ ದೂರಕ್ಕೆ ಬಿದಿರು ಗಳದಲ್ಲಿ ಕಟ್ಟಿದೆ. ಸುಮಾರು 70 ಹರ್ಟ್ಸ್ ತನಕ ಗೆರೆ ಸ್ಪಷ್ಟವಾಗಿ ಬಂತು. ಸಂಜೆ ಅಳೆದರೆ ಮಾತ್ರ 5 ಕಿಲೋಹರ್ಟ್ಸ್ ಹತ್ತಿರ ಒಂದು ಗುಬುಟು. ಟ್ವೀಟರ್ ಹಾಳಾಯ್ತು ಅಂತ ಎರಡು ದಿನ ನಿದ್ದೆ ಬರಲಿಲ್ಲ. ನೋಡಿದರೆ ಜೀರುಂಡೆ! ಆಮೇಲೆ ಡಿಸೆಂಬರಿನ ಚಳಿಯಲ್ಲಿ, ಬೆಳಗಿನ ಜಾವ ಐದಕ್ಕೆ ಎದ್ದು ಅಳೆದೆ. ಟ್ವೀಟರ್ ನಿಜವಾಗಿ ಸುಟ್ಟಿದ್ದು ಬೇರೆ ದಿನ. ರಕ್ಷಣೆಯ ಕೆಪಾಸಿಟರ್ ಹಾಕದೆ, ದಪ್ಪ ದನಿಯಿಂದ ಏರುತ್ತಾ ಹೋಗುವ ಪರೀಕ್ಷೆಯ ದನಿ (ಸ್ವೀಪ್) ಕೊಟ್ಟೆ, 1,800 ರೂಪಾಯಿ ಹೊಗೆಯಾಯಿತು.

ಕ್ರಾಸ್‌ಓವರ್ ಕೊನೆಗೆ 2.4 ಕಿಲೋಹರ್ಟ್ಸಿಗೆ ನಿಂತಿತು. ಟ್ವೀಟರನ್ನು ಉಲ್ಟಾ ಜೋಡಿಸಿ ಅಳೆದಾಗ ಅದೇ ಜಾಗದಲ್ಲಿ 28 ಡಿಬಿ ಆಳದ ಗುಂಡಿ ಬಿತ್ತು. ಉಲ್ಟಾ ಇದ್ದಾಗ ಎರಡೂ ದನಿ ಒಂದನ್ನೊಂದು ಅಷ್ಟು ಅಳಿಸಿದರೆ, ನೇರ ಜೋಡಿಸಿದಾಗ ಚೆನ್ನಾಗಿ ಕೂಡುತ್ತವೆ ಅಂತ ಅರ್ಥ. ಆ ಗುಂಡಿ ನೋಡಿದ ಬೆಳಿಗ್ಗೆ ಚಪ್ಪರದ ಮೇಲೆ ಒಬ್ಬನೇ ಕೂಗಿದೆ. ಟ್ವೀಟರಿನ ದನಿ ತಗ್ಗಿಸುವ ಸರಣಿ ರೆಸಿಸ್ಟರ್ ಎಷ್ಟು ಓಮಿನದು ಅಂತ ಹೇಳುವುದಿಲ್ಲ. ಅದನ್ನು ನಾನು ಮೀಟರಿನಲ್ಲಿ ಹುಡುಕಿದ್ದಲ್ಲ, ತಂಬೂರಿ ಹಾಕಿಕೊಂಡು ಮೂರು ವಾರ ಕಿವಿಯಲ್ಲೇ ಹುಡುಕಿದ್ದು.

ಒಟ್ಟು ಖರ್ಚು ಮೈಕ್ ಬಿಟ್ಟು 32 ಸಾವಿರ ಆಗಿರಬಹುದು. ಅದರಲ್ಲಿ ಎಂಟೊಂಬತ್ತು ಸಾವಿರ ಕಲಿಯುವುದಕ್ಕೇ ಹೋಯಿತು.

ದೀಪಾವಳಿಗೆ ಭಾವ ಬಂದಿದ್ದರು. ಕಳೆದ ವರ್ಷ ನಾನೇ ರೆಕಾರ್ಡ್ ಮಾಡಿದ್ದ ತಾಳಮದ್ದಳೆ ಹಾಕಿದೆ. ಭಾಗವತರು ಪದ್ಯಕ್ಕೆ ಮೊದಲು ಉಸಿರು ಎಳೆದುಕೊಳ್ಳುವುದು ಕೇಳಿತು. ಮದ್ದಳೆಯ ಪೆಟ್ಟಿನ ಹಿಂದೆ ಬೆರಳು ಚರ್ಮದ ಮೇಲೆ ಉಜ್ಜಿದ್ದೂ ಕೇಳಿತು. ಭಾವ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಆರಿಹೋಯಿತು. ಹೊರಡುವಾಗ ಕೇಳಿದರು, "ಆ ಪಂಪ್ ರಿಪೇರಿಯವ್ರು ಇನ್ನೊಂದು ಜೊತೆ ಸುತ್ತಿ ಕೊಡ್ತಾರಾ?" ನಾಳೆ ತಂತಿ ತೂಗಿಸುವುದಕ್ಕೆ ಪೇಟೆಗೆ ಹೊರಟಿದ್ದೇನೆ.