‘ನಿಜದಂತಿಲ್ಲ’ ಅಂದರೆ ಸಾಲದು, ಎಲ್ಲಿ ಅಂತ ತೋರಿಸಬೇಕು

ಒಳಾಂಗಣ ರೆಂಡರಿಂಗ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಕೋಣೆಯಿಂದ ಫೋಟೋದಂಥ ಚಿತ್ರ ತೆಗೆಯುವುದನ್ನು, ಕಲಿಸಲು ಶುರು ಮಾಡಿದ ಮೊದಲ ವರ್ಷ ವಿದ್ಯಾರ್ಥಿಗಳ ಕೆಲಸ ನೋಡಿ ನಾನು ಹೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ಮಾತು: ‘ಇನ್ನೂ ಫೋಟೋ ಥರ ಬಂದಿಲ್ಲ.’ ಅವರು ತಲೆಯಾಡಿಸಿ ಹೋಗಿ, ಮರುದಿನ ಇನ್ನೆರಡು ಲೈಟು, ಒಂದು ಗಿಡ, ಒಂದಿಷ್ಟು ಹೊಳಪು ಸೇರಿಸಿಕೊಂಡು ಬರುತ್ತಿದ್ದರು. ಚಿತ್ರ ಮೊದಲಿಗಿಂತ ಕೆಟ್ಟಿರುತ್ತಿತ್ತು. ತಪ್ಪು ನನ್ನ ಮಾತಿನಲ್ಲಿತ್ತು. ಯಾವ ಜಾಗ, ಅಲ್ಲಿ ಏನಾಗಿದೆ, ಯಾಕಾಗಿದೆ ಎಂಬ ಮೂರನ್ನೂ ಹೇಳದಿದ್ದರೆ ಕೇಳಿದವರು ಏನನ್ನು ತಿದ್ದಬೇಕು?

ಹಾಗಾಗಿ ಈಗ ಪಾಠ ಕಂಪ್ಯೂಟರ್ ಮುಂದೆ ಶುರುವಾಗುವುದಿಲ್ಲ. ಮೊದಲ ವಾರದ ಕೆಲಸ ಇಷ್ಟೇ: ನಿಮ್ಮದೇ ಕೋಣೆಯ ಒಂದು ಮೂಲೆ ಆರಿಸಿ. ಕಿಟಕಿ, ಮೇಜು, ಒಂದು ಕುರ್ಚಿ ಸಾಕು. ಟೇಪ್ ಹಿಡಿದು ಎಲ್ಲವನ್ನೂ ಅಳೆಯಿರಿ, ಫೋಟೋ ತೆಗೆಯಿರಿ, ತೆಗೆದ ಗಂಟೆ ಬರೆದಿಡಿ, ಆಮೇಲೆ ಅದೇ ಮೂಲೆಯನ್ನು ರೆಂಡರ್ ಮಾಡಿ ಫೋಟೋ ಪಕ್ಕದಲ್ಲಿ ಇಡಿ. 1980ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದೂ ಇದನ್ನೇ. ಪಕ್ಕದ ಗೋಡೆಗಳಿಗೆ ಬಣ್ಣ ಬಳಿದ ನಿಜವಾದ ಪೆಟ್ಟಿಗೆ ಕಟ್ಟಿ, ತಮ್ಮ ಲೆಕ್ಕದಿಂದ ಬಂದ ಚಿತ್ರವನ್ನು ಅದರ ಜೊತೆ ಹೋಲಿಸಿದರು. ‘ಕಾರ್ನೆಲ್ ಬಾಕ್ಸ್’ ಅಂತ ಇಂದಿಗೂ ಎಲ್ಲರೂ ಬಳಸುವ ಪರೀಕ್ಷಾ ದೃಶ್ಯ ಹುಟ್ಟಿದ್ದು ಹಾಗೆ. ಪಕ್ಕದಲ್ಲಿ ನಿಜ ಇಲ್ಲದೆ ಹೋದರೆ ವಿದ್ಯಾರ್ಥಿ ತನ್ನ ರೆಂಡರನ್ನು ಬೇರೆಯವರ ರೆಂಡರಿಗೆ ಹೋಲಿಸುತ್ತಾನೆ, ಅವರ ತಪ್ಪನ್ನೂ ಸೇರಿಸಿ ಕಲಿಯುತ್ತಾನೆ.

ಅಳತೆ ಮತ್ತು ಕ್ಯಾಮೆರಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕುರ್ಚಿಯ ಆಸನ ಸುಮಾರು 450 ಮಿಲಿಮೀಟರ್, ಮೇಜು 750ರ ಆಸುಪಾಸು. ಇವು ತಪ್ಪಿದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಗೊಂಬೆಮನೆ ನೋಡಿದ ಹಾಗನ್ನಿಸುತ್ತದೆ. ಕೋಣೆ ಪೂರ್ತಿ ಕಾಣಲಿ ಅಂತ 18 ಮಿಮೀ ಲೆನ್ಸ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಫುಲ್ ಫ್ರೇಮ್ (36 ಮಿಮೀ ಅಗಲದ ಸೆನ್ಸರ್) ಲೆಕ್ಕದಲ್ಲಿ ಅದು ಅಡ್ಡಕ್ಕೆ 90 ಡಿಗ್ರಿ ನೋಡುತ್ತದೆ, ಅಂಚಿನಲ್ಲಿರುವ ಸೋಫಾ ರಬ್ಬರಿನಂತೆ ಎಳೆದುಕೊಳ್ಳುತ್ತದೆ. 24ಕ್ಕಿಂತ ಕೆಳಗೆ ಹೋಗಲು ನಾನು ಬಿಡುವುದಿಲ್ಲ. ಜಾಗ ಸಾಲದಿದ್ದರೆ ಕ್ಯಾಮೆರಾವನ್ನು ಗೋಡೆಯ ಹಿಂದಕ್ಕೆ ಒಯ್ದು ಕ್ಲಿಪ್ಪಿಂಗ್ ಬಳಸಿ, ಅಡ್ಡ ಬರುವ ಗೋಡೆ ಕ್ಯಾಮೆರಾಗೆ ಮಾತ್ರ ಕಾಣದಂತಾಗುತ್ತದೆ. ಗೋಡೆಯನ್ನೇ ಅಳಿಸಿದರೆ ಆ ಕಡೆಯಿಂದ ಬೆಳಕು ನುಗ್ಗಿ ಕೋಣೆಯ ನೆರಳೆಲ್ಲ ತೆಳುವಾಗುತ್ತದೆ.

ವಿಮರ್ಶೆಯ ದಿನ ಚಿತ್ರವನ್ನು ಗೋಡೆ ಮೇಲೆ ಹಾಕಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಮಾಡಿದವರಂತೂ ಖಂಡಿತ ಮಾತಾಡಬಾರದು. ಅವರ ವಿವರಣೆ ಕಿವಿಗೆ ಬಿದ್ದ ಕೂಡಲೇ ಉಳಿದವರು ಚಿತ್ರದಲ್ಲಿ ಇಲ್ಲದ್ದನ್ನೂ ನೋಡಲು ಶುರು ಮಾಡುತ್ತಾರೆ. ನಿಮಿಷ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಹೋಗಿ, ಕಣ್ಣು ಮೊದಲು ಎಲ್ಲಿ ನಿಂತಿತೋ ಅಲ್ಲಿ ಬೆರಳಿಡಬೇಕು. ಮಾಡಿದವರು ತೋರಿಸಬೇಕೆಂದಿದ್ದ ಜಾಗ ಬೇರೆ, ಬೆರಳುಗಳು ಬಿದ್ದ ಜಾಗ ಬೇರೆ ಆದಾಗ ಅವರ ಮುಖದಲ್ಲಿ ಆಗುವ ಬದಲಾವಣೆ ನನ್ನ ಎಷ್ಟೋ ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡಿದೆ.

ಆಮೇಲೆ ಕಾರಣ ಹುಡುಕುವ ಸರದಿ. ಇಲ್ಲಿ ನನ್ನದು ಹಟದ ನಿಯಮ: ಬೆಳಕು ಸರಿಯಾಗುವ ತನಕ ಮರ, ಬಟ್ಟೆ, ಕಲ್ಲಿನ ಮಾತು ಬೇಡ. ಎಲ್ಲಕ್ಕೂ ಒಂದೇ ಬೂದು ಬಣ್ಣ ಕೊಟ್ಟು ಕ್ಲೇ ರೆಂಡರ್ ತೆಗೆಯಿರಿ. ಕಿಟಕಿಯ ಗಾಜನ್ನು ಮಾತ್ರ ಅದರಿಂದ ಹೊರಗಿಡಿ. ಇಲ್ಲದಿದ್ದರೆ ಗಾಜೂ ಬೂದು ಹಲಗೆಯಾಗಿ ಕೋಣೆ ಕತ್ತಲಾಗುತ್ತದೆ. ಇದರ ಮುಂದೆ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಬೂದು ಬಣ್ಣದಲ್ಲೇ ಅದು ಕೋಣೆಯಂತೆ, ಇಂಥ ಹೊತ್ತಿನ ಬೆಳಕಿನಂತೆ ಕಾಣಬೇಕು. ಆಗದಿದ್ದರೆ ಎಲ್ಲ ಲೈಟುಗಳನ್ನೂ ಆರಿಸಿ ಒಂದೊಂದಾಗಿ ಹಚ್ಚಿ ನೋಡಿ. ‘ಈ ಲೈಟು ನಿಜವಾದ ಕೋಣೆಯಲ್ಲಿ ಎಲ್ಲಿರುತ್ತದೆ?’ ಅಂತ ಪ್ರತಿ ಸಲವೂ ಕೇಳುತ್ತೇನೆ. ಉತ್ತರ ಇಲ್ಲದ ಲೈಟು ಹೋಗಬೇಕು.

ಒಬ್ಬ ವಿದ್ಯಾರ್ಥಿನಿಯ ಬಿಳಿ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಮಾಡೆಲಿಂಗ್ ಅಚ್ಚುಕಟ್ಟು, ಆದರೆ ಮಂಜು ಕವಿದ ಹಾಗೆ ಇಡೀ ಚಿತ್ರ ಪೇಲವ. ಮೂಲೆಗಳಲ್ಲಿ ನೆರಳೇ ಇಲ್ಲ. ಅವಳು ಸೂರ್ಯನನ್ನು ಕಡಿಮೆ ಮಾಡಿದ್ದಳು, ಕಾಂಟ್ರಾಸ್ಟ್ ಏರಿಸಿದ್ದಳು, ಮೂಲೆಗಳಿಗೆ ಕೃತಕ ನೆರಳನ್ನೂ ಹಚ್ಚಿದ್ದಳು. ಗೋಡೆಯ ಬಣ್ಣ ತೆರೆದು ನೋಡಿದರೆ 255, 255, 255; ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠ. ಅಂದರೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವ ಗೋಡೆ. ಅಂಥ ಗೋಡೆ ಜಗತ್ತಿನಲ್ಲಿಲ್ಲ. ಒಳ್ಳೆಯ ಬಿಳಿ ಪೇಂಟ್ ಸುಮಾರು ಶೇ. 80ರಷ್ಟು ಬೆಳಕನ್ನು ಮರಳಿಸುತ್ತದೆ. ಆ ಲೆಕ್ಕದಲ್ಲಿ ಐದು ಸಲ ಪುಟಿದ ಮೇಲೆ ಉಳಿಯುವುದು ಮೂರನೇ ಒಂದು ಭಾಗ, ಶೇ. 95 ಇಟ್ಟರೆ ಐದು ಪುಟಿತದ ನಂತರವೂ ಮುಕ್ಕಾಲು ಭಾಗ ಉಳಿದು ಮೂಲೆಮೂಲೆಗೂ ತುಂಬಿಕೊಳ್ಳುತ್ತದೆ. ಗೋಡೆಯನ್ನು 230ಕ್ಕೆ (ಸುಮಾರು ಶೇ. 80ಕ್ಕೆ ಸಮ) ಇಳಿಸಿ, ಉಳಿದ ತೇಪೆಗಳನ್ನೆಲ್ಲ ಕಿತ್ತು, ಎಕ್ಸ್‌ಪೋಷರ್ (ಕ್ಯಾಮೆರಾ ಹಿಡಿಯುವ ಬೆಳಕಿನ ಪ್ರಮಾಣ) ಏರಿಸಿದಳು. ಸೀಲಿಂಗ್ ಮತ್ತು ಗೋಡೆ ಸೇರುವ ಗೆರೆ ಆ ದಿನ ಮೊದಲ ಸಲ ಕಂಡಿತು. ಬಿಳಿ ಅನ್ನುವುದು ಗೋಡೆಯ ಬಣ್ಣದಿಂದಷ್ಟೇ ಬರುವುದಿಲ್ಲ, ಎಕ್ಸ್‌ಪೋಷರಿನಿಂದಲೂ ಬರುತ್ತದೆ ಅಂತ ಅವಳೇ ತರಗತಿಗೆ ಹೇಳಿದಳು.

ಬಿಸಿಲಿನ ನೆರಳಿಗೂ ಅಳತೆಯಿದೆ. ಆಕಾಶದಲ್ಲಿ ಸೂರ್ಯ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಅದರಿಂದ ನೆರಳಿನ ಅಂಚು, ಅಡ್ಡ ನಿಂತ ವಸ್ತುವಿನಿಂದ ಒಂದು ಮೀಟರ್ ದೂರದಲ್ಲಿ ಸುಮಾರು 9 ಮಿಮೀ, ಎರಡು ಮೀಟರಿನಲ್ಲಿ 18 ಮಿಮೀ ಮಸುಕಾಗುತ್ತದೆ. ಕುರ್ಚಿಯ ಕಾಲಿನ ನೆರಳು ಪಾದದ ಹತ್ತಿರ ಚೂಪು, ದೂರ ಹೋದಷ್ಟೂ ಮೆತ್ತಗೆ. ರೆಂಡರಿನಲ್ಲಿ ಕಿಟಕಿ ಸರಳುಗಳ ನೆರಳು ಬ್ಲೇಡಿನಿಂದ ಕೊಯ್ದಂತಿದ್ದರೆ ಸೂರ್ಯನ ಗಾತ್ರ ಸೊನ್ನೆಯಿದೆ ಅಂತಲೇ ಹೇಳಿ, ‘ನೆರಳು ಸರಿಯಿಲ್ಲ’ ಅನ್ನಬೇಡಿ.

ಕಿಟಕಿಯಾಚೆಯ ದೃಶ್ಯದಲ್ಲೂ ಬಹಳ ಜನ ಎಡವುತ್ತಾರೆ. ಮಧ್ಯಾಹ್ನದ ಬಿಸಿಲು ಕೋಣೆಯ ಒಳಗಿಗಿಂತ ಏಳೆಂಟು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು) ಹೆಚ್ಚು ಪ್ರಕಾಶವಾಗಿರಬಹುದು, ಅಂದರೆ ನೂರು ಪಟ್ಟಿಗೂ ಮೀರಿ. ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ಸ್ಪಷ್ಟವಾಗಿ ಕಂಡರೆ ಕಿಟಕಿಗೆ ಪೋಸ್ಟರ್ ಅಂಟಿಸಿದಂತಿರುತ್ತದೆ. ಒಳಾಂಗಣ ಫೋಟೋಗ್ರಾಫರುಗಳು ಬೇರೆ ಬೇರೆ ಎಕ್ಸ್‌ಪೋಷರ್ ಸೇರಿಸಿ ಹೊರಗಿನದ್ದನ್ನು ತೋರಿಸುವುದುಂಟು, ಆದರೂ ಹೊರಗು ತಿಳಿಯಾಗಿ, ಒಳಗಿಗಿಂತ ಬೆಳ್ಳಗೇ ಉಳಿಯುತ್ತದೆ. ಹೊರಗಿನ ಮರದ ನೆರಳು ಯಾವ ಕಡೆಗಿದೆ, ನೆಲದ ಮೇಲಿನ ಬಿಸಿಲು ಯಾವ ಕಡೆಗಿದೆ, ಹೊಂದಿಸಿ ನೋಡಿ.

ಇಷ್ಟಾದ ಮೇಲೆ ವಸ್ತುಗಳ ಮೇಲ್ಮೈ. ‘ಎಲ್ಲವೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ’ ಅಂತ ಯಾರಾದರೂ ಅಂದರೆ ನಾನು ಮೊದಲು ತೆರೆಯುವುದು ರಫ್‌ನೆಸ್ ಮ್ಯಾಪಿನ, ಅಂದರೆ ಮೇಲ್ಮೈ ಎಲ್ಲಿ ಎಷ್ಟು ಒರಟು ಅಂತ ಹೇಳುವ ಚಿತ್ರದ, ಕಲರ್ ಸ್ಪೇಸ್ (ಅದರ ಸಂಖ್ಯೆಗಳನ್ನು ಹೇಗೆ ಓದಬೇಕೆಂಬ ಸೆಟ್ಟಿಂಗ್). ಬ್ಲೆಂಡರ್ ಎಂಬ 3ಡಿ ಪ್ರೋಗ್ರಾಮಿನಲ್ಲಿ ಅದು ‘ನಾನ್-ಕಲರ್’ ಆಗಿರಬೇಕು. ಎಸ್‌ಆರ್‌ಜಿಬಿ (ಬಣ್ಣದ ಚಿತ್ರಗಳ ಸೆಟ್ಟಿಂಗ್) ಅಂತ ಬಿಟ್ಟರೆ 0.5 ಇರಬೇಕಾದ ಒರಟುತನವನ್ನು ಪ್ರೋಗ್ರಾಂ 0.21 ಅಂತ ಓದುತ್ತದೆ, ಮ್ಯಾಟ್ ಮರ ಪಾಲಿಶ್ ಮರವಾಗುತ್ತದೆ. ಆಮೇಲೆ ಮೇಜಿನ ಅಂಚು. ಒಂದೆರಡು ಮಿಲಿಮೀಟರ್ ಬೆವೆಲ್ (ಚೂಪು ತೆಗೆದ ಇಳಿಜಾರು) ಇಲ್ಲದ ಅಂಚಿನ ಮೇಲೆ ಬೆಳಕಿನ ಗೆರೆ ಕೂರುವುದಿಲ್ಲ. ಮರದ ನೆಲದಲ್ಲಿ ಒಂದೇ ಗಂಟು ನಾಲ್ಕು ಹಲಗೆಯಲ್ಲಿ ಕಂಡರೆ ಬೆರಳಿಟ್ಟು ತೋರಿಸಿ. ಕಾಫಿ ಕಪ್ಪು, ತೆರೆದ ಪುಸ್ತಕ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕಿಂತ ದಿಂಬಿನಲ್ಲಿ ಯಾರೋ ಒರಗಿ ಎದ್ದ ತಗ್ಗು ಮಾಡಲಿ.

ಡಿನಾಯ್ಸರ್ (ರೆಂಡರಿನ ಚುಕ್ಕೆಚುಕ್ಕೆ ಗದ್ದಲವನ್ನು ಅಳಿಸುವ ಸಾಧನ) ಹಾಕಿದ ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ ಪರದೆ, ಕಾರ್ಪೆಟ್ಟುಗಳ ನೇಯ್ಗೆ ನೋಡಿ. ಜಲವರ್ಣದಂತೆ ಕಲಸಿಹೋಗಿದ್ದರೆ ಸ್ಯಾಂಪಲ್ (ಪ್ರತಿ ಪಿಕ್ಸೆಲಿಗೆ ಲೆಕ್ಕ ಹಾಕುವ ಕಿರಣಗಳ ಸಂಖ್ಯೆ) ಹೆಚ್ಚಿಸಿ, ಡಿನಾಯ್ಸರಿಗೆ ಆಲ್ಬೆಡೋ (ಬರೀ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈ ಮುಖ ಮಾಡಿದ ದಿಕ್ಕು) ಪಾಸುಗಳನ್ನೂ ಕೊಡಿ.

ಕೊನೆಗೆ ಪ್ರತಿಯೊಬ್ಬರೂ ಮೂರೇ ಮೂರು ತಿದ್ದುಪಡಿ ಬರೆದುಕೊಂಡು ಹೋಗಬೇಕು, ಪ್ರತಿಯೊಂದರಲ್ಲೂ ಒಂದು ಸಂಖ್ಯೆ ಇರಬೇಕು: ‘ಗೋಡೆ 230’, ‘ಸೂರ್ಯ 0.53 ಡಿಗ್ರಿ’, ‘ಮೇಜಿನ ಅಂಚು 2 ಮಿಮೀ’. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯದನ್ನು ಅಳಿಸದೆ ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸಬೇಕು. ಮುಂದಿನ ತರಗತಿಗೆ ಎರಡೂ ಚಿತ್ರ ಪಕ್ಕಪಕ್ಕ ಬರುತ್ತವೆ, ಆಗ ಮೊದಲು ಮಾತಾಡುವವರು ಅದನ್ನು ಮಾಡಿದವರೇ.